ಎರಡು ಸಲ ಸರಿಮಾಡಿದ ಚಕ್ರ

ಇಂದಿರಾನಗರದ ನೂರು ಅಡಿ ರಸ್ತೆಯಲ್ಲಿ ನಾನು ದಿನಸಿ ತರುವ ಒಂದು ಸೂಪರ್ ಮಾರ್ಕೆಟ್ ಇದೆ. ಅಲ್ಲಿನ ತಳ್ಳುಗಾಡಿಗಳಲ್ಲಿ ನೆಟ್ಟಗೆ ಹೋಗುವುದು ಒಂದೂ ಇಲ್ಲ. ಒಂದು ಎಡಕ್ಕೆ ಎಳೆಯುತ್ತದೆ, ಇನ್ನೊಂದು ಬಲಕ್ಕೆ. ಅದೇನೂ ದೊಡ್ಡ ಸಂಗತಿಯಲ್ಲ. ತಳ್ಳುವವರಿಗೆ ಅದು ಗೊತ್ತೇ ಆಗುವುದಿಲ್ಲ ಎನ್ನುವುದು ನನಗೆ ಸೋಜಿಗ. ಒಂದು ಕೈ ತಾನಾಗಿ ಬಿಗಿಯಾಗುತ್ತದೆ, ಸೊಂಟ ಒಂದಿಷ್ಟು ವಾಲುತ್ತದೆ, ಬಾಯಿ ಮಾತ್ರ ಫೋನಿನಲ್ಲಿ ‘ತೊಗರಿಬೇಳೆ ಒಂದು ಕೇಜಿ ಸಾಕಾ?’ ಎಂದು ಕೇಳುತ್ತಲೇ ಇರುತ್ತದೆ. ಹೋದ ತಿಂಗಳು ಹೀಗೇ ಒಬ್ಬ ಹಿರಿಯರ ಗಾಡಿಯ ಹಿಂದೆ ಉಪ್ಪಿನಕಾಯಿಯ ಸಾಲಿನಿಂದ ಸೋಪಿನ ಸಾಲಿನವರೆಗೂ ನಡೆದುಬಿಟ್ಟೆ. ಅವರು ತಿರುಗಿ, ‘ಏನ್ರೀ, ಏನಾದ್ರೂ ಬೇಕಿತ್ತಾ?’ ಎಂದರು.

‘ನಿಮ್ಮ ಗಾಡಿ ಎಡಕ್ಕೆ ಎಳೀತಿದೆ.’

‘ನಂದಲ್ಲ, ಅಂಗಡಿಯವರದು’ ಎಂದು ಹೇಳಿ ಅವರು ಸ್ವಲ್ಪ ಬೇಗಬೇಗ ಹೊರಟುಹೋದರು.

ಈ ಚಟ ನನಗೆ ಚಿಕ್ಕಂದಿನಿಂದ ಇದೆ. ನಮ್ಮದು ಕೆ.ಆರ್. ಪುರದ ಹಳೇ ಊರು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಬಾಡಿಗೆ ಮನೆಗಳು ಎದ್ದಿವೆ. ತಾತನ ಜೋಡೆತ್ತಿನಲ್ಲಿ ಎಡಕ್ಕೆ ಕಟ್ಟುತ್ತಿದ್ದದ್ದು ಮಹಾ ಸೋಮಾರಿ, ಅದರಿಂದ ಗಾಡಿ ಸದಾ ಎಡಕ್ಕೆ ತಿರುಗುತ್ತಿತ್ತು. ನಾನು ತಾತನ ತೊಡೆಯ ಮೇಲೆ ಕೂತಿರುತ್ತಿದ್ದೆ. ಕಡಲೆಕಾಯಿ ಹಿಂಡಿಯ ವಾಸನೆ, ತಾತನ ಅಂಗೈಯ ಒರಟು ಎಲ್ಲ ಈಗಲೂ ಚೆನ್ನಾಗಿ ನೆನಪಿದೆ. ಇದನ್ನು ಒಮ್ಮೆ ಅಮ್ಮನಿಗೆ ಹೇಳಿದೆ. ಅಮ್ಮ ಅವರೆಕಾಯಿ ಸುಲಿಯುತ್ತ, ‘ನೀನು ಹುಟ್ಟೋಕೆ ಮೂರು ವರ್ಷ ಮುಂಚೇನೇ ಎತ್ತು ಮಾರಿಬಿಟ್ಟಿದ್ರು ಕಣೋ’ ಅಂದಳು. ಹಾಗಾದರೆ ಆ ವಾಸನೆ ಎಲ್ಲಿಂದ ಬಂತು? ಅಮ್ಮನಿಗೆ ಗೊತ್ತಿಲ್ಲ. ನನಗಂತೂ ಇಲ್ಲವೇ ಇಲ್ಲ. ಎಂಜಿನಿಯರಿಂಗ್ ಮುಗಿಸಿ, ಅದು ಸಾಲದೆಂದು ವಿಶ್ವವಿದ್ಯಾಲಯಕ್ಕೆ ಹೋಗಿ ಸಂಖ್ಯಾಶಾಸ್ತ್ರ ಓದಿದವನು ನಾನು. ಅಲ್ಲಿ ಕಲಿತದ್ದರಲ್ಲಿ ಉಳಿದಿರುವುದು ಒಂದೇ: ಸಾಕ್ಷಿ ಒಬ್ಬನೇ ಇದ್ದರೆ ನಂಬಬೇಡ. ನನ್ನ ಬಾಲ್ಯಕ್ಕೆ ಬಹುಪಾಲು ನಾನೊಬ್ಬನೇ ಸಾಕ್ಷಿ.

ಇರಲಿ. ಸೋಪಿನ ಸಾಲಿನಲ್ಲಿ ನಿಂತಿದ್ದೆನಲ್ಲ, ಅಲ್ಲೇ ಫೋನು ಬಂತು.

‘ಸರ್, ನಾನು ಸ್ಫೂರ್ತಿ ಅಂತ. ನೀವು ಓದಿದ ಕಾಲೇಜಲ್ಲೇ ಓದ್ತಿದೀನಿ, ರೋಬೋಟ್ ಟೀಮಲ್ಲಿದೀನಿ. ನಮ್ಮ ಟೀಮಲ್ಲಿ ಒಬ್ರ ಮುಖ ಒಬ್ರು ನೋಡ್ತಿಲ್ಲ ಸರ್. ನಿಮ್ಮ ಬ್ಯಾಚಲ್ಲಿ ಒಂದು ಜಗಳಾನೂ ಆಗಿರ್ಲಿಲ್ವಂತೆ, ನೀವೇ ಕ್ಯಾಪ್ಟನ್ ಆಗಿದ್ರಂತೆ. ಲ್ಯಾಬ್ ಅಸಿಸ್ಟೆಂಟ್ ಹೇಳಿದ್ರು. ಬರೋ ಶನಿವಾರ ಬಂದು ಸ್ವಲ್ಪ ಮಾತಾಡ್ತೀರಾ, ಟೀಮ್ನ ಹೆಂಗೆ ಹಿಡಿದಿಟ್ಕೊಳ್ಳೋದು ಅಂತ?’

‘ಬರ್ತೀನಮ್ಮಾ’ ಅಂದೆ. ಯೋಚನೆಯನ್ನೂ ಮಾಡಲಿಲ್ಲ. ಹೊಗಳಿಕೆಗೆ ಸಾಕ್ಷಿ ಕೇಳುವ ಅಭ್ಯಾಸ ವಿಶ್ವವಿದ್ಯಾಲಯವೂ ಕಲಿಸುವುದಿಲ್ಲ.

ಮನೆಗೆ ಬಂದು ಬೇಳೆಯನ್ನು ಡಬ್ಬಕ್ಕೆ ಸುರಿಯುವಾಗ ಒಂದು ವಿಷಯ ಚುಚ್ಚತೊಡಗಿತು. ನಮ್ಮ ತಂಡದಲ್ಲಿ ಇದ್ದವರು ಮೂರೇ ಜನ: ನಾನು, ಗೌತಮಿ, ಇರ್ಫಾನ್. ಸ್ಪರ್ಧೆ ಮುಗಿದ ಎರಡೇ ದಿನಕ್ಕೆ ಗೌತಮಿ ತಂಡ ಬಿಟ್ಟಳು. ಅವಳು ಹೋದ ಮೇಲೆ ತಂಡವೇ ಇರಲಿಲ್ಲ. ಜಗಳವೇ ಆಗದ ತಂಡವನ್ನು ಅವಳು ಯಾಕೆ ಬಿಟ್ಟಳು? ಏಳು ವರ್ಷದಲ್ಲಿ ನಾನು ಇದನ್ನು ಅವಳ ಹತ್ತಿರ ಕೇಳಿರಲಿಲ್ಲ. ಇರ್ಫಾನ್ ಮೇಲಿನ ಸಿಟ್ಟಿಗೆ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಆ ಮಕ್ಕಳ ಮುಂದೆ ನಿಂತು ‘ನಾನು ತಂಡವನ್ನು ಹಿಡಿದಿಟ್ಟಿದ್ದೆ’ ಎನ್ನುವ ಮುಂಚೆ ಅದು ನಿಜವೋ ಸುಳ್ಳೋ ಗೊತ್ತಾಗಬೇಕಿತ್ತು. ಶನಿವಾರಕ್ಕೆ ಐದು ದಿನವಿತ್ತು.

ಮೊದಲು ನನ್ನ ನೆನಪಿನಲ್ಲಿರುವಷ್ಟನ್ನು ಹೇಳಿಬಿಡುತ್ತೇನೆ.

ಗೌತಮಿ ಹಲಸೂರಿನವಳು. ಅವರಪ್ಪ ಕಮರ್ಷಿಯಲ್ ಸ್ಟ್ರೀಟಿನ ಒಂದು ಅಡ್ಡರಸ್ತೆಯ ಟೈಲರ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರು. ಅವಳು ಅಲ್ಯೂಮಿನಿಯಂ ಪಟ್ಟಿಯ ಮೇಲೆ ಅಪ್ಪನ ಚಪ್ಪಟೆ ಸೀಮೆಸುಣ್ಣದಿಂದ ಗೆರೆ ಎಳೆದು, ಅಪ್ಪನ ಟೇಪಿನಲ್ಲೇ ಅಳೆದು ಕೊಯ್ಯುತ್ತಿದ್ದಳು. ಇರ್ಫಾನ್ ಶಿವಾಜಿನಗರದವನು, ಅವರಪ್ಪನದು ಮೋಟಾರಿಗೆ ತಂತಿ ಸುತ್ತುವ ಅಂಗಡಿ. ಹುಟ್ಟಿದಾಗಿನಿಂದ ಗ್ರೀಸು ನೋಡಿ ಬೇಸತ್ತ ಅವನು ಯಂತ್ರವನ್ನು ಮುಟ್ಟುತ್ತಿರಲಿಲ್ಲ, ಲ್ಯಾಪ್‌ಟಾಪಿನಲ್ಲಿ ಕೋಡ್ ಮಾತ್ರ ಬರೆಯುತ್ತಿದ್ದ. ನನಗೆ ಲೋಹ ಉಜ್ಜುವ ಅರ ಹಿಡಿಯಲೂ ಬರುತ್ತಿರಲಿಲ್ಲ, ಕೋಡೂ ಬರುತ್ತಿರಲಿಲ್ಲ. ಹಾಗಾಗಿ ಕ್ಯಾಪ್ಟನ್ ಆದೆ.

ಯಂತ್ರದ ಹೆಸರು ಗುಂಡ. ಎರಡು ದೊಡ್ಡ ಚಕ್ರ, ಮುಂದೆ ಒಂದು ಸಣ್ಣ ಉರುಳು, ಮೇಲೆ ಇಕ್ಕಳದಂಥ ಕೈ. ಅದು ಐದು ಮೀಟರ್ ನೆಟ್ಟಗೆ ನಡೆದು, ಅಲ್ಲಿಟ್ಟ ಮರದ ತುಂಡನ್ನು ಎತ್ತಿ ಹಿಂದಕ್ಕೆ ತರಬೇಕು. ಸ್ಪರ್ಧೆಯಲ್ಲಿ ಇದ್ದದ್ದು ಇಷ್ಟೇ.

ಗುಂಡ ಹುಟ್ಟಿದ್ದು ವಿಮಾನಪುರದಲ್ಲಿ, ನಮ್ಮ ಸೋದರಮಾವನ ಮನೆಯ ಕಾರು ಶೆಡ್ಡಿನಲ್ಲಿ. ಕಾರು ಇರಲಿಲ್ಲ, ಶೆಡ್ಡಿತ್ತು. ಮಾವ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಶೆಡ್ಡಿನ ಗೋಡೆಗೆ ಒಂದು ಹಲಗೆ ಹೊಡೆದು, ಅದರ ಮೇಲೆ ಪ್ರತಿ ಸ್ಪ್ಯಾನರು, ಪ್ರತಿ ಸ್ಕ್ರೂಡ್ರೈವರಿನ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದಿದ್ದರು. ಕೆಲಸ ಮುಗಿದ ಮೇಲೆ ಪ್ರತಿಯೊಂದೂ ತನ್ನ ನೆರಳಿನ ಮೇಲೆ ಹೋಗಿ ಕೂರಬೇಕು. ಒಂದು ನೆರಳು ಖಾಲಿಯಿದ್ದರೂ ಯಾರೂ ಮನೆಗೆ ಹೋಗುವಂತಿಲ್ಲ. ‘ಒಂದು ಸ್ಪ್ಯಾನರ್ ಸಿಗ್ಲಿಲ್ಲ ಅಂದ್ರೆ ವಿಮಾನ ಮೇಲಕ್ಕೇಳಲ್ಲಪ್ಪಾ. ಅದು ರೆಕ್ಕೆಯೊಳಗಿದ್ರೆ?’ ಎನ್ನುತ್ತಿದ್ದರು. ಗುಂಡನಿಗೆ ರೆಕ್ಕೆಯಿಲ್ಲ ಎಂದು ನಾವು ಹೇಳಿ ನೋಡಿದೆವು. ಒಂದು ಸಲ ಪುಟ್ಟ ಸ್ಕ್ರೂಡ್ರೈವರಿಗಾಗಿ ಒಂದು ಗಂಟೆ ನೆಲದ ಮೇಲೆ ತೆವಳಾಡಿದ್ದೆವು. ಅದು ಮಾವನ ಜೇಬಿನಲ್ಲೇ ಇತ್ತು. ಅವರು ಸ್ವಲ್ಪವೂ ನಾಚದೆ, ‘ನೋಡಿದ್ರಾ, ಹಿಂಗೇ ಕಳೆದುಹೋಗೋದು’ ಅಂದರು.

ಸ್ಪರ್ಧೆ ಇದ್ದದ್ದು ಒಂದು ಶನಿವಾರ. ಆ ವಾರದ ಸೋಮವಾರ ಗುಂಡನನ್ನು ಕಾಲೇಜಿಗೆ ಒಯ್ದು ವಿಭಾಗದ ಮುಖ್ಯಸ್ಥರಿಗೆ ತೋರಿಸಿದೆವು. ಅವನು ಎರಡು ಮೀಟರ್ ಚೆನ್ನಾಗಿ ಹೋಗಿ, ಆಮೇಲೆ ಎಡಕ್ಕೆ ವಾಲಿ, ಮುಖ್ಯಸ್ಥರ ಕುರ್ಚಿಯ ಕಾಲಿಗೆ ಮುತ್ತಿಟ್ಟ. ಅವರು ಬಾಯಿ ತೆರೆಯುವ ಮುಂಚೆಯೇ ಇರ್ಫಾನ್, ‘ಕೋಡ್ ಕರೆಕ್ಟಾಗಿದೆ ಸರ್. ಹಾರ್ಡ್‌ವೇರ್ ಪ್ರಾಬ್ಲಂ’ ಅಂದುಬಿಟ್ಟ. ಇಡೀ ತರಗತಿ ನೋಡುತ್ತಿತ್ತು. ಹಾರ್ಡ್‌ವೇರ್ ಅಂದರೆ ಗೌತಮಿಯೊಬ್ಬಳೇ ಎನ್ನುವುದು ಎಲ್ಲರಿಗೂ ಗೊತ್ತಿತ್ತು.

ಆ ಸಂಜೆ ಶೆಡ್ಡಿನಲ್ಲಿ ಅವಳು ನನಗೆ ಹೇಳಿದಳು: ‘ಇನ್ಮೇಲೆ ಅವನ ಹತ್ರ ನಾನು ಮಾತಾಡಲ್ಲ. ಹೇಳೋದು ಇದ್ರೆ ನಿನಗೆ ಹೇಳ್ತೀನಿ, ನೀನು ಹೇಳ್ಕೋ.’

ಇರ್ಫಾನ್ ಕೂತಿದ್ದು ಮನೆಯ ಮುಂದಿನ ಜಗುಲಿಯಲ್ಲಿ. ಶೆಡ್ಡಿನ ಧೂಳು ಲ್ಯಾಪ್‌ಟಾಪಿಗೆ ಆಗದು ಎಂದು ಅವನ ವಾದ. ಅವನು ಹೇಳಿದ: ‘ಅರೇ, ನಾನೇನ್ ತಪ್ಪು ಹೇಳ್ದೆ ಮಗಾ? ಅವಳಿಗೆ ಏನಾದ್ರೂ ಹೇಳ್ಬೇಕು ಅಂದ್ರೆ ನಿನ್ನ ಹತ್ರ ಹೇಳಿಸ್ತೀನಿ, ಬಿಡು.’

ಶೆಡ್ಡಿಗೂ ಜಗುಲಿಗೂ ನಡುವೆ ಸೀಬೆಮರದ ಪಕ್ಕದಲ್ಲಿ ಹದಿನಾರು ಹೆಜ್ಜೆಯ ದಾರಿ. ಆ ವಾರ ಅದರಲ್ಲಿ ನಾನು ಎಷ್ಟು ಸಲ ಓಡಾಡಿದೆನೋ ಲೆಕ್ಕವಿಲ್ಲ.

ಈ ಕೆಲಸ ನನಗೆ ಹೊಸದಲ್ಲ. ಅಪ್ಪ, ದೊಡ್ಡಪ್ಪ ಜಮೀನು ಪಾಲು ಮಾಡಿಕೊಂಡಾಗ ಮನೆಯ ನಡುವೆಯೂ ಗೋಡೆ ಬಂತು, ಬೋರ್‌ವೆಲ್ ಮಾತ್ರ ಒಂದೇ ಉಳಿಯಿತು. ಆ ಕಡೆಯಿಂದ ದೊಡ್ಡಮ್ಮ, ‘ನಿಮ್ಮಮ್ಮ ಮಹಾರಾಣಿಗೆ ಹೇಳು, ಮೋಟಾರ್ ಹಾಕಿ ಮಲ್ಗಿಬಿಟ್ರೆ ನೀರು ಇವಳಪ್ಪ ತುಂಬ್ತಾನಾ ಅಂತ’ ಎನ್ನುವರು. ನಾನು ಗೋಡೆ ಸುತ್ತಿಕೊಂಡು ಬಂದು, ‘ಅಮ್ಮಾ, ಮೋಟಾರ್ ಆಫ್ ಮಾಡ್ಬೇಕಂತೆ’ ಎನ್ನುವೆ. ಅಮ್ಮ ಅದಕ್ಕೆ ಕೊಡುತ್ತಿದ್ದ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ. ದೊಡ್ಡಮ್ಮನಿಗೆ ತಲುಪುವಾಗ ಅದು ‘ಆಯ್ತಂತೆ’ ಆಗಿರುತ್ತಿತ್ತು. ಚಾಡಿಕೋರ ಒಂದಕ್ಕೆ ಎರಡು ಸೇರಿಸುತ್ತಾನೆ, ನಾನು ಎರಡರಲ್ಲಿ ಒಂದನ್ನು ತೆಗೆಯುತ್ತಿದ್ದೆ. ಇದಕ್ಕೆ ಎರಡೂ ಕಡೆಯಿಂದ ಚಕ್ಕುಲಿ ಸಿಗುತ್ತಿತ್ತು. ಒಳ್ಳೆಯ ಹುಡುಗ ಎಂಬ ಹೆಸರೂ ಬಂತು.

ಸೀಬೆಮರದ ದಾರಿಯಲ್ಲೂ ಅದನ್ನೇ ಮಾಡಿದೆ. ಗೌತಮಿ, ‘ಕೋಡ್ ಬರೆಯೋಕೆ ಬರ್ದಿದ್ರೆ ಅವರಪ್ಪನ ಅಂಗಡೀಲಿ ಕೂತು ತಂತಿ ಸುತ್ತು ಅಂತ ಹೇಳು ಅವನಿಗೆ’ ಅಂದಳು. ನಾನು ಹೋಗಿ, ‘ನಿಮ್ಮಪ್ಪನ ಅಂಗಡಿ ಹೆಂಗ್ ನಡೀತಿದೆ ಅಂತ ಕೇಳಿದ್ಲು’ ಅಂದೆ.

ಇರ್ಫಾನ್ ಲ್ಯಾಪ್‌ಟಾಪಿನಿಂದ ತಲೆಯೆತ್ತಿದ. ‘ನಮ್ಮ ಅಬ್ಬಾ ಅಂಗಡಿ ವಿಷ್ಯ ಅವಳಿಗ್ಯಾಕೆ ಬೇಕು ಯಾರ್?’

‘ಸುಮ್ನೆ, ಕಾಳಜಿ.’

‘ಕಾಳಜಿ!’ ಎಂದು ಅವನು ಸೀಬೆಮರವನ್ನು ನೋಡಿದ. ‘ಎರಡು ಚಕ್ರಾನೂ ಒಂದೇ ಸೈಜ್ ಇರ್ಬೇಕು ಅಂತ ಹೇಳು ಅವಳಿಗೆ. ಪ್ಯಾಂಟಿನ ಎರಡು ಕಾಲು ಒಂದೇ ಉದ್ದ ಹೊಲೀತಾರಲ್ಲ ಅವರಪ್ಪ, ಅವರನ್ನೇ ಕೇಳು ಅನ್ನು.’

ಇದು ಗೌತಮಿಗೆ ತಲುಪುವಾಗ, ‘ನಿಮ್ಮಪ್ಪ ಪ್ಯಾಂಟ್ ಚೆನ್ನಾಗಿ ಹೊಲೀತಾರೆ ಅಂತಿದ್ದ’ ಎಂದು ಆಗಿತ್ತು. ಅವಳು ನನ್ನನ್ನು ಬಹಳ ಹೊತ್ತು ನೋಡಿದಳು.

ಮಂಗಳವಾರ ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಅದನ್ನು ಮುಂದೆ ಹೇಳುತ್ತೇನೆ. ಆಗ ಅದು ನನಗೆ ಬಹಳ ಜಾಣತನವಾಗಿ ಕಂಡಿತ್ತು.

ಬುಧವಾರ ಗುಂಡನನ್ನು ಮಾವನ ಅಂಗಳದಲ್ಲಿ ಓಡಿಸಿದೆವು. ಐದು ಮೀಟರಿಗೆ ಒಂದು ಗೇಣು ಎಡಕ್ಕೆ. ಶುಕ್ರವಾರ ಮತ್ತೆ ಓಡಿಸಿದೆವು. ಒಂದು ಗೇಣು ಬಲಕ್ಕೆ. ಗೌತಮಿ ಶೆಡ್ಡಿನ ಬಾಗಿಲಲ್ಲಿ, ಇರ್ಫಾನ್ ಜಗುಲಿಯಲ್ಲಿ, ಇಬ್ಬರೂ ಗುಂಡನನ್ನೇ ನೋಡುತ್ತ ನಿಂತರು. ಮಾವ ಮೆಟ್ಟಿಲ ಮೇಲೆ ಕಾಫಿ ಕುಡಿಯುತ್ತಿದ್ದವರು, ‘ಒಂದೇ ಬೋಲ್ಟನ್ನ ಇಬ್ರು ಫಿಟ್ಟರು ಬಿಗಿ ಮಾಡಿದ್ರೆ ಅದು ಕಿತ್ಕೊಂಡು ಬರುತ್ತೆ. ಅದಕ್ಕೇ ನಮ್ಮಲ್ಲಿ ಮಾಡಿದೋನು ಪಕ್ಕದಲ್ಲಿ ಸಹಿ ಹಾಕ್ಬೇಕಿತ್ತು’ ಅಂದರು. ಕಾರ್ಖಾನೆಯ ಹಳೇ ಕತೆ ಶುರುವಾಯಿತು ಎಂದುಕೊಂಡು ನಾನು ಲೋಟ ಒಳಗಿಡಲು ಹೋದೆ.

ಶನಿವಾರ ಸ್ಪರ್ಧೆಯಲ್ಲಿ ಗುಂಡ ಮತ್ತೆ ಎಡಕ್ಕೇ ಹೋದ. ಗೆರೆ ದಾಟಿ, ತೀರ್ಪುಗಾರರ ಮೇಜಿನ ಬಟ್ಟೆಯೊಳಗೆ ತೂರಿ, ಅಲ್ಲಿ ಏನನ್ನೋ ಎತ್ತಲು ಇಕ್ಕಳ ಆಡಿಸುತ್ತಿದ್ದ. ಮರದ ತುಂಡಿನ ಬದಲು ಒಬ್ಬರ ಚಪ್ಪಲಿ ಹಿಡಿದು ಹೊರಬಂದ. ಜನ ನಕ್ಕರು. ನಾನೂ ನಕ್ಕೆ ಎಂದು ನೆನಪು. ಸೋಮವಾರ ಗೌತಮಿ ಶೆಡ್ಡಿನ ಬೀಗದ ಕೈ ನನ್ನ ಕೈಗಿಟ್ಟು, ‘ನನಗಾಗಲ್ಲ, ಬಿಟ್ಬಿಡು’ ಅಂದಳು.

ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಗುಂಡನಿಗೆ ಮೂಡು ಇತ್ತು ಎಂದು ಇದನ್ನು ಎಷ್ಟೋ ಕಡೆ ತಮಾಷೆಯಾಗಿ ಹೇಳಿದ್ದೇನೆ. ಯಂತ್ರಕ್ಕೆ ಮೂಡು ಇರುವುದಿಲ್ಲ ಎಂಬುದು ಸಂಖ್ಯಾಶಾಸ್ತ್ರ ಓದಿದವನಿಗೆ ಏಳು ವರ್ಷ ಹೊಳೆಯಲಿಲ್ಲ.

ಸ್ಫೂರ್ತಿಯ ಫೋನು ಬಂದ ಮರುದಿನ, ಮಂಗಳವಾರ, ಇರ್ಫಾನನಿಗೆ ಫೋನು ಮಾಡಿದೆ. ಈಗ ಅವನು ಲಿಫ್ಟಿನ ಕಂಪನಿಯೊಂದರಲ್ಲಿದ್ದಾನೆ, ಲಿಫ್ಟು ಯಾವ ಮಹಡಿಗೆ ಮೊದಲು ಹೋಗಬೇಕು ಎಂದು ಕೋಡ್ ಬರೆಯುತ್ತಾನೆ. ಗುಂಡ ಯಾಕೆ ಹಾಗೆ ಮಾಡಿದ ಎಂದು ಕೇಳಿದೆ.

‘ಎಡಗಡೆ ಚಕ್ರ ಒಂಚೂರು ಚಿಕ್ಕದಿತ್ತು ಗುರು. ಅದಕ್ಕೇ ಎಡಕ್ಕೆ ಹೋಗ್ತಿತ್ತು. ಗುರುವಾರ ನಾನು ಕೋಡಲ್ಲಿ ಎಡ ಮೋಟಾರಿಗೆ ಸ್ವಲ್ಪ ಜಾಸ್ತಿ ಸ್ಪೀಡ್ ಕೊಟ್ಟೆ. ಲೆಕ್ಕದ ಪ್ರಕಾರ ಸರಿಯಾಗ್ಬೇಕಿತ್ತು. ಶುಕ್ರವಾರ ನೋಡಿದ್ರೆ ಬಲಕ್ಕೆ ಹೋಯ್ತು. ನಾನೇ ಜಾಸ್ತಿ ಕೊಟ್ಬಿಟ್ಟೆ, ತಪ್ಪು ನಂದೇ ಅಂತ ಶನಿವಾರ ಬೆಳಿಗ್ಗೆ ಅದನ್ನ ತೆಗೆದ್ಬಿಟ್ಟೆ.’

‘ಇದನ್ನ ಗೌತಮಿಗೆ ಹೇಳಿರ್ಲಿಲ್ವಾ?’

‘ಹೇಳಿದ್ನಲ್ಲ ಮಗಾ, ನಿನ್ನ ಹತ್ರಾನೇ ಹೇಳಿಸಿದ್ದೆ, ಬುಧವಾರ. ನಾನು ಕೋಡಲ್ಲಿ ಸರಿ ಮಾಡ್ತೀನಿ, ಅವಳು ಚಕ್ರ ಮುಟ್ಟೋದು ಬೇಡ, ಮುಟ್ಟಿದ್ರೆ ಇನ್ನೂ ಕೆಡಿಸ್ತಾಳೆ ಅಂತ.’

ನನಗೆ ಆ ಮಾತು ನೆನಪಾಯಿತು. ಸೀಬೆಮರದ ಹತ್ತಿರ ‘ಇನ್ನೂ ಕೆಡಿಸ್ತಾಳೆ’ ಎನ್ನುವುದನ್ನು ತೆಗೆದೆ. ಅದನ್ನು ತೆಗೆದ ಮೇಲೆ ‘ಮುಟ್ಟೋದು ಬೇಡ’ ಎನ್ನುವುದೂ ಒರಟಾಗಿ ಕಂಡಿತು, ಅದನ್ನೂ ತೆಗೆದೆ. ಶೆಡ್ಡಿಗೆ ತಲುಪಿದ್ದು, ‘ಚಕ್ರ ಚೆನ್ನಾಗಿದೆ ಅಂತ ಹೇಳಿದ’ ಎಂಬುದಷ್ಟೇ.

ಇರ್ಫಾನನಿಗೆ ಆ ಶುಕ್ರವಾರದ ಬಗ್ಗೆ ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ಧೈರ್ಯವಾಗಲಿಲ್ಲ. ‘ಆಮೇಲೆ ಮಾಡ್ತೀನಿ’ ಎಂದು ಇಟ್ಟೆ.

ಗುರುವಾರ ಸಂಜೆ ಕಮರ್ಷಿಯಲ್ ಸ್ಟ್ರೀಟಿಗೆ ಹೋದೆ. ಗೌತಮಿಗೆ ಈಗ ವಿಮಾನ ಕಾರ್ಖಾನೆಯಲ್ಲೇ ಕೆಲಸ. ಸಂಜೆ ಅಪ್ಪನನ್ನು ಮನೆಗೆ ಕರೆದೊಯ್ಯಲು ಅಂಗಡಿಗೆ ಬರುತ್ತಾಳೆ. ಅಡ್ಡರಸ್ತೆಯ ಅಂಗಡಿ, ಗಾಜಿನ ಹಿಂದೆ ಶೇರ್ವಾನಿ ತೊಟ್ಟ ಬೊಂಬೆ, ಒಳಗೆ ಉದ್ದನೆಯ ಮೇಜು, ಗೋಡೆಯ ಮೇಲೆ ಬುದ್ಧನ ಪಟ. ಅವರಪ್ಪ ಕತ್ತರಿ ನಿಲ್ಲಿಸದೆಯೇ, ‘ಬಾಪ್ಪಾ ಕೂತ್ಕೋ’ ಎಂದು ಸ್ಟೂಲು ತೋರಿಸಿದರು.

‘ಏನ್ ಕ್ಯಾಪ್ಟನ್, ದಾರಿ ತಪ್ಪಿ ಬಂದ್ಯಾ?’ ಎಂದಳು ಗೌತಮಿ.

ಸುತ್ತಿಬಳಸದೆ ಕೇಳಿದೆ. ‘ನೀನು ಅವತ್ತು ಟೀಮ್ ಯಾಕೆ ಬಿಟ್ಟೆ?’

‘ಏಳು ವರ್ಷ ಆದ್ಮೇಲೆ ಕೇಳ್ತಿದೀಯ.’

‘ಶನಿವಾರ ಕಾಲೇಜಲ್ಲಿ ಮಾತಾಡೋಕೆ ಕರೆದಿದಾರೆ. ಟೀಮಲ್ಲಿ ಜಗಳ ಆಗ್ದಂಗೆ ನೋಡ್ಕೊಳ್ಳೋದು ಹೆಂಗೆ ಅಂತ.’

ಅವಳು ಜೋರಾಗಿ ನಕ್ಕಳು. ಅಪ್ಪನ ಕಡೆ ತಿರುಗಿ ತಮಿಳಿನಲ್ಲಿ ಅದನ್ನೇ ಹೇಳಿದಳು. ಅವರೂ ನಕ್ಕರು, ಆದರೆ ಮೆಲ್ಲಗೆ. ಅಂಗಡಿಗೆ ಬಂದವರ ಎದುರು ಜೋರಾಗಿ ನಗುವ ಅಭ್ಯಾಸ ಅವರಿಗಿಲ್ಲ.

ಇರ್ಫಾನ್ ಹೇಳಿದ್ದನ್ನು ಅವಳಿಗೆ ಹೇಳಿದೆ. ಈ ಸಲ ಏನನ್ನೂ ತೆಗೆಯದೆ, ‘ಇನ್ನೂ ಕೆಡಿಸ್ತಾಳೆ’ ಎನ್ನುವುದನ್ನೂ ಸೇರಿಸಿ. ಅವಳ ನಗು ನಿಂತಿತು.

‘ಬುಧವಾರ ನೀನು ಬಂದು ಚಕ್ರ ಚೆನ್ನಾಗಿದೆ ಅಂದೆ. ಚೆನ್ನಾಗಿಲ್ಲ ಅಂತ ನನಗೆ ಗೊತ್ತಿತ್ತು, ಟೇಪಲ್ಲಿ ಅಳೆದಿದ್ದೆ. ಆಡ್ಕೊಳ್ತಿದಾನೆ ಅಂದ್ಕೊಂಡೆ. ಗುರುವಾರ ಸೈಕಲ್ ಟ್ಯೂಬ್ ಕೊಯ್ದು ಎಡ ಚಕ್ರಕ್ಕೆ ಒಂದು ಸುತ್ತು ಅಂಟಿಸಿದೆ, ಯಾರಿಗೂ ಹೇಳ್ಲಿಲ್ಲ. ಶುಕ್ರವಾರ ಬಲಕ್ಕೆ ಹೋಯ್ತಲ್ಲ, ನಂದೇ ದಪ್ಪ ಆಯ್ತು ಅಂತ ಶನಿವಾರ ಆಟೋದಲ್ಲಿ ಕೂತು ಅದನ್ನ ಕಿತ್ತುಹಾಕಿದೆ.’

ಮೇಜಿನ ಮೇಲಿದ್ದ ಕಂದು ಕಾಗದವನ್ನು ಎಳೆದುಕೊಂಡು ಅವಳು ಸೀಮೆಸುಣ್ಣದಲ್ಲಿ ಮೂರು ದಿನ ಬರೆದಳು. ಬುಧವಾರ, ಯಾರೂ ಸರಿಮಾಡಿಲ್ಲ, ಎಡಕ್ಕೆ. ಶುಕ್ರವಾರ, ಇಬ್ಬರೂ ಸರಿಮಾಡಿದ್ದಾರೆ, ಬಲಕ್ಕೆ. ಶನಿವಾರ, ಇಬ್ಬರೂ ತೆಗೆದಿದ್ದಾರೆ, ಎಡಕ್ಕೆ. ಇಬ್ಬರಲ್ಲಿ ಯಾರಾದರೂ ಒಬ್ಬರು ಸುಮ್ಮನಿದ್ದಿದ್ದರೆ ಸಾಕಿತ್ತು, ಗುಂಡ ನೆಟ್ಟಗೆ ಹೋಗುತ್ತಿದ್ದ. ಇಬ್ಬರೂ ತಪ್ಪು ತಮ್ಮದೇ ಎಂದುಕೊಂಡಿದ್ದರು. ಅದನ್ನು ಇಬ್ಬರೂ ಹೇಳಲಿಲ್ಲ. ಹೇಳಿದ್ದರೂ ನನ್ನ ಮೂಲಕ ಹೇಳಬೇಕಿತ್ತು.

‘ಹಂಗಾದ್ರೆ ಇದಕ್ಕೇ ನೀನು ಬಿಟ್ಟಿದ್ದು’ ಅಂದೆ. ಉತ್ತರ ಸಿಕ್ಕಿತು ಎಂಬ ಸಮಾಧಾನ ನನ್ನ ದನಿಯಲ್ಲಿ ಇದ್ದಿರಬೇಕು.

‘ಡೇಯ್, ಸೋತಿದ್ದಕ್ಕೆಲ್ಲ ಯಾರಾದ್ರೂ ಬಿಡ್ತಾರಾ?’ ಅವಳು ಸೀಮೆಸುಣ್ಣ ಕೆಳಗಿಟ್ಟಳು. ‘ಮಂಗಳವಾರ ನೀನು ಬಂದು ಏನ್ ಹೇಳ್ದೆ, ನೆನಪಿದ್ಯಾ? ಸರ್ ಮುಂದೆ ಹಂಗೆ ಅನ್ಬಾರ್ದಿತ್ತು, ತುಂಬಾ ಬೇಜಾರಾಗಿದೆ, ಸಾರಿ ಅಂತ ಹೇಳು ಅಂದ ಅಂತ ಹೇಳ್ದೆ. ನಾನು ನಂಬ್ದೆ. ಎದುರಿಗೆ ಸಿಕ್ಕಾಗ ಅವನೇ ಒಂದು ಮಾತು ಹೇಳ್ತಾನೆ, ಆಮೇಲೆ ಎಲ್ಲ ಸರಿಹೋಗುತ್ತೆ ಅಂತ ಬುಧವಾರ ಕಾದೆ, ಗುರುವಾರ ಕಾದೆ. ತಲೆ ಎತ್ತಿ ನೋಡ್ಲಿಲ್ಲ ಅವನು. ಹಿಂದಿನಿಂದ ಸಾರಿ ಕಳಿಸೋದು, ಮುಂದೆ ಬಿಗ್ಕೊಂಡು ಕೂರೋದು. ಬೈದಿದ್ರೆ ಇರ್ತಿದ್ದೆ. ಇಂಥವನ ಜೊತೆ ಇರೋದು ಹೆಂಗೆ ಅಂತ ಬಿಟ್ಟೆ.’

ಕತ್ತರಿಯ ಸದ್ದು ನಡೆದೇ ಇತ್ತು. ಮಂಗಳವಾರದ ಆ ಜಾಣತನವನ್ನು ಈಗ ಹೇಳಲೇಬೇಕಾಯಿತು.

‘ಮಂಗಳವಾರ ಅವನು ಸಾರಿ ಹೇಳಿರ್ಲಿಲ್ಲ. ನಾನೇ ಹೇಳ್ದೆ, ಅವನ ಹೆಸರಲ್ಲಿ.’

ಕತ್ತರಿ ನಿಂತಿತು. ಅವರಪ್ಪ ಬಟ್ಟೆಯಿಂದ ಕಣ್ಣೆತ್ತಿ ನನ್ನನ್ನು ನೋಡಿ, ಮತ್ತೆ ಬಟ್ಟೆಯನ್ನು ನೋಡಿದರು.

‘ಅವನು ಹೇಳಿದ್ದು ಶುಕ್ರವಾರ’ ಎಂದು ಮುಂದುವರಿಸಿದೆ. ‘ಗುಂಡ ಬಲಕ್ಕೆ ಹೋದ ಮೇಲೆ. ಅವಳಿಗೆ ಸಾರಿ ಹೇಳು ಅಂತ ನಿಜವಾಗ್ಲೂ ಹೇಳ್ದ. ಹೇಳ್ದ ಅನ್ಸುತ್ತೆ.’

‘ಅನ್ಸುತ್ತೆ ಅಂದ್ರೆ?’

‘ಹೇಳ್ದ.’

‘ಮತ್ತೆ ನನಗ್ಯಾಕೆ ತಂದು ಹೇಳ್ಲಿಲ್ಲ?’

‘ಒಂದ್ಸಲ ಹೇಳಾಗಿತ್ತಲ್ಲ. ಎರಡನೇ ಸಲ ಹೇಳಿದ್ರೆ ಮೊದಲನೇದು ಸುಳ್ಳು ಅಂತ ಗೊತ್ತಾಗ್ತಿತ್ತು.’

ಅವಳು ಸೀಮೆಸುಣ್ಣವನ್ನು ಕಾಗದದ ಅಂಚಿಗೆ ಸರಿಸಿದಳು. ಆಮೇಲೆ, ‘ಏನಂದಿದ್ದ? ಅವನು ಹೇಳಿದ ಮಾತನ್ನೇ ಹೇಳು’ ಅಂದಳು.

ನಾನು ನೆನಪಿಸಿಕೊಂಡೆ. ಜಗುಲಿ, ಮುಚ್ಚಿದ ಲ್ಯಾಪ್‌ಟಾಪು, ಇರ್ಫಾನ್ ಕೈಯಲ್ಲಿ ಅರ್ಧ ಕಚ್ಚಿದ ಸೀಬೆಕಾಯಿ. ‘ಸರ್ ಮುಂದೆ ಹಂಗೆ ಅನ್ಬಾರ್ದಿತ್ತು, ತುಂಬಾ ಬೇಜಾರಾಗಿದೆ.’ ಹೇಳಲು ಬಾಯಿ ತೆರೆದವನು ನಿಂತೆ. ಇವು ಮಂಗಳವಾರ ನಾನೇ ಕಟ್ಟಿದ ಮಾತುಗಳು, ಒಂದಕ್ಷರ ವ್ಯತ್ಯಾಸವಿಲ್ಲ. ಅವನು ನಿಜಕ್ಕೂ ಅದೇ ಮಾತನ್ನು ಹೇಳಿದನೇ? ಬೇರೆ ಏನೋ ಹೇಳಿದ್ದಕ್ಕೆ ನಾನು ನನ್ನ ಮಾತನ್ನು ಹೊದಿಸಿದೆನೇ? ಅವನು ಏನೂ ಹೇಳದೆ, ನನ್ನ ಮಂಗಳವಾರವೇ ಶುಕ್ರವಾರದ ವೇಷ ಹಾಕಿಕೊಂಡು ಕೂತಿದೆಯೇ? ಆ ಕಾಲದಲ್ಲಿ ಮರದಲ್ಲಿ ಕಾಯಿ ಇತ್ತೇ ಎನ್ನುವುದೂ ಖಾತ್ರಿಯಾಗಲಿಲ್ಲ.

‘ಗೊತ್ತಿಲ್ಲ ಗೌತಮಿ. ನಾನು ಏನ್ ಹೇಳಿದ್ರೂ ಅದು ನಂದೇ ಇರ್ಬಹುದು.’

ಅವಳು ಕೈ ಚಾಚಿದಳು. ‘ಫೋನ್ ಮಾಡಿ ಕೊಡು.’

ಮಾಡಿದೆ. ಮೂರನೇ ಸಲ ರಿಂಗಾದಾಗ, ‘ಏನ್ ಮಗಾ, ಮತ್ತೆ ಗುಂಡನ ವಿಷ್ಯಾನಾ?’ ಎಂದ ಇರ್ಫಾನ್. ‘ಗೌತಮಿ ಮಾತಾಡ್ತಾಳೆ’ ಎಂದೆ. ಫೋನನ್ನು ಅವಳಿಗೆ ಕೊಟ್ಟು, ಸ್ಟೂಲು ಬಿಟ್ಟೆದ್ದು ಹೊರಗೆ ಬಂದೆ. ಯಾರೂ ಹೋಗು ಅನ್ನಲಿಲ್ಲ.

ಬೀದಿಯಲ್ಲಿ ಸಂಜೆಯ ಜನ. ಕ್ಲಿಪ್ಪು, ಬಳೆ ಮಾರುವವನೊಬ್ಬ ಎದುರಿಗೆ ಬಂದವರ ಮುಖ ನೋಡಿ ‘ಬನ್ನಿ ಅಮ್ಮಾ’, ‘ವಾಂಗಮ್ಮಾ’, ‘ಆಯಿಯೇ’ ಎಂದು ಬದಲಿಸಿ ಬದಲಿಸಿ ಕೂಗುತ್ತಿದ್ದ. ನಾನು ಗಾಜಿನ ಈಚೆ ನಿಂತು ಶೇರ್ವಾನಿಯ ಬೊಂಬೆಯ ತೋಳಿನ ಸಂದಿಯಿಂದ ನೋಡಿದೆ. ಕುತೂಹಲವನ್ನು ಮುಚ್ಚಿಡುವುದು ನನಗೆ ಯಾವತ್ತೂ ಬರಲಿಲ್ಲ. ಗೌತಮಿ ಮೊದಲು ಮಾತಾಡಿದಳು, ಆಮೇಲೆ ಬಹಳ ಹೊತ್ತು ಕೇಳಿದಳು. ಒಂದು ಸಲ ಹಣೆಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಸೀಮೆಸುಣ್ಣ ಎತ್ತಿಕೊಂಡು ಕಂದು ಕಾಗದದ ಮೇಲೆ ಏನೋ ಬರೆದು, ಬರೆದದ್ದನ್ನು ಬೆರಳಿನಿಂದ ಕುಟ್ಟಿ ಕುಟ್ಟಿ ತೋರಿಸಿದಳು, ಶಿವಾಜಿನಗರದಲ್ಲೋ ಎಲ್ಲೋ ಇರುವ ಇರ್ಫಾನನಿಗೆ ಅದು ಕಾಣುತ್ತದೆ ಎಂಬಂತೆ. ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ತಿಳಿಯಲಿಲ್ಲ. ಬೊಂಬೆಯ ತೋಳು ಅಡ್ಡವಿತ್ತು.

ಕೊನೆಗೆ ಅವಳು ಬಾಗಿಲಿಗೆ ಬಂದು ಫೋನು ಕೊಟ್ಟಳು. ಅದು ಬಿಸಿಯಾಗಿತ್ತು.

‘ಏನಂದ?’

‘ನಿನಗ್ಯಾಕೆ?’

‘ಶುಕ್ರವಾರ ನಿಜವಾಗ್ಲೂ ಹೇಳಿದ್ನಂತಾ? ಅಷ್ಟು ಹೇಳು ಸಾಕು.’

‘ನಿನಗೆ ಹೇಳಿದ್ರೆ ಅದು ಇನ್ನೇನೋ ಆಗಿ ಊರಲ್ಲೆಲ್ಲ ತಿರುಗುತ್ತೆ. ಇದು ನಮ್ಮಿಬ್ರ ಹತ್ರಾನೇ ಇರ್ಲಿ’ ಎಂದಳು. ಸಿಟ್ಟಿನಿಂದ ಹೇಳಿದಳು ಎಂದು ಹೇಳಲಾರೆ, ಸಿಟ್ಟಿಲ್ಲದೆ ಹೇಳಿದಳು ಎಂದೂ ಹೇಳಲಾರೆ. ‘ಶನಿವಾರ ಏನ್ ಹೇಳ್ತೀಯ ಆ ಮಕ್ಕಳಿಗೆ?’

‘ಗೊತ್ತಿಲ್ಲ.’

‘ಇದನ್ನೇ ಹೇಳು. ಇದ್ದಿದ್ದನ್ನ ಇದ್ದಂಗೆ.’

ಆ ಮಕ್ಕಳ ಮುಂದೆಯೂ ಇಲ್ಲಿಯೂ ಹಾಗೇ ಹೇಳಲು ಪ್ರಯತ್ನಿಸಿದ್ದೇನೆ. ಆದರೂ ಇರ್ಫಾನ್ ಇದನ್ನು ಓದಿದರೆ ಕುರ್ಚಿಯ ಕಾಲಿಗೆ ಹೊಡೆದದ್ದು ಸೋಮವಾರವಲ್ಲ ಎನ್ನಬಹುದು. ಅಂಟಿಸಿದ್ದು ಸೈಕಲ್ ಟ್ಯೂಬಲ್ಲ, ಸ್ಕೂಟರಿನದು ಎಂದು ಗೌತಮಿ ತಿದ್ದಬಹುದು. ಅವರೇ ಸರಿ ಎಂದು ನಾನು ಈಗಲೇ ಒಪ್ಪಿಕೊಳ್ಳುತ್ತೇನೆ. ಏಳು ವರ್ಷದ ಮೇಲೆ ಆ ಇಬ್ಬರೂ ನಡುವೆ ಯಾರನ್ನೂ ಇಟ್ಟುಕೊಳ್ಳದೆ ಹತ್ತೊಂಬತ್ತು ನಿಮಿಷ ಮಾತಾಡಿದರು. ಅದು ನನ್ನ ಫೋನಿನಲ್ಲಿ ದಾಖಲಾಗಿದೆ. ಅದೊಂದಕ್ಕೆ ನೀವು ನನ್ನ ಮಾತನ್ನು ನಂಬಬೇಕಾಗಿಲ್ಲ.